ಫಝ್ ಪೆಡಲ್ ಮಾಡಲು ಹೋಗಿ ಜರ್ಮೇನಿಯಂ ಕಲಿತದ್ದು

ಏಪ್ರಿಲ್ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ. ಕಾಲೇಜ್ ಫೆಸ್ಟ್‌ನ ಬಯಲು ವೇದಿಕೆ, ಮೇಲೊಂದು ಶಾಮಿಯಾನ ಕೂಡ ಸರಿಯಾಗಿ ಇರಲಿಲ್ಲ. ನಮ್ಮ ಬ್ಯಾಂಡಿನ ಗಿಟಾರಿಸ್ಟ್ ಸೋಲೋ ಶುರುವಾಗುವ ಜಾಗಕ್ಕೆ ಬಂದು ಕಾಲಿನಿಂದ ಪೆಡಲ್ ಒತ್ತಿದ. ಬರಬೇಕಾಗಿದ್ದದ್ದು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್‌ಗುಡುವ, ಉದ್ದಕ್ಕೆ ಎಳೆಯುವ ಸದ್ದು. ಬಂದದ್ದು ಹಳೇ ಸ್ಕೂಟರ್ ಕಿಕ್ ಹೊಡೆದಾಗ ಬರುವಂಥ "ಪುಸ್, ಪುಸ್". ತಂತಿಯನ್ನು ಜೋರಾಗಿ ಮೀಟಿದರೆ ಒಂದು ಕ್ಷಣ ಏನೋ ಕೆಮ್ಮುತ್ತೆ, ಆಮೇಲೆ ಸತ್ತೇ ಹೋಗುತ್ತೆ. ಅವನು ನಮ್ಮ ಕಡೆ ನೋಡಿದ. ನಾವು ಬೇರೆ ಕಡೆ ನೋಡಿದೆವು.

ಆ ಪೆಡಲ್ ಮಾಡಿದ್ದು ನಾವೇ. ಮೂವರು ಇ.ಸಿ., ಡಬ್ಬಕ್ಕೆ ತೂತು ಕೊರೆದುಕೊಟ್ಟ ಒಬ್ಬ ಮೆಕ್ಯಾನಿಕಲ್. ಜನವರಿಯಲ್ಲಿ ಹಾಸ್ಟೆಲ್ ರೂಮಿನಲ್ಲಿ ಅದು ಎಷ್ಟು ಚೆನ್ನಾಗಿ ಹಾಡಿತ್ತು ಅಂದ್ರೆ, ಪಕ್ಕದ ರೂಮಿನವರು ಬಂದು ಬೈದು ಹೋಗಿದ್ದರು. ಮೂರು ತಿಂಗಳಲ್ಲಿ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ, ಬ್ಯಾಟರಿ ಹೊಸದು, ವೈರ್ ಸರಿ. ಹಾಗಾದ್ರೆ ಏನಾಯ್ತು? ಅದನ್ನು ಹುಡುಕುತ್ತಾ ಹೋದಾಗ ನಮಗೆ ಗೊತ್ತಾದದ್ದು, ತಪ್ಪು ಆಗಿದ್ದು ಸರ್ಕ್ಯೂಟ್‌ನಲ್ಲಲ್ಲ, ಬಿಡಿಭಾಗ ಆರಿಸಿದ ದಿನ. ಮುಂದೆ ಯಾರಾದರೂ ಇಂಥದ್ದಕ್ಕೆ ಕೈಹಾಕುವುದಿದ್ದರೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇವೆ.

ನಾವು ನಕಲು ಮಾಡಲು ಹೊರಟದ್ದು ಫಝ್ ಫೇಸ್ ಎಂಬ ಪೆಡಲನ್ನು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಇದನ್ನು ಮಾರುಕಟ್ಟೆಗೆ ಬಿಟ್ಟಿತು. ದುಂಡಗಿನ ಲೋಹದ ಡಬ್ಬ, ಮೈಕ್ ಸ್ಟ್ಯಾಂಡಿನ ಬುಡ ನೋಡಿ ಹೊಳೆದ ಆಕಾರ. ಎರಡು ನಾಬ್ ಎರಡು ಕಣ್ಣು, ಕೆಳಗೆ ಹೆಸರೇ ಬಾಯಿ, ಅದಕ್ಕೇ "ಫೇಸ್". ಜಿಮಿ ಹೆಂಡ್ರಿಕ್ಸ್ ಕಾಲಕೆಳಗೆ ಇದ್ದದ್ದರಿಂದ ಇದಕ್ಕೆ ಸಿಕ್ಕ ಖ್ಯಾತಿ ಇವತ್ತಿಗೂ ಇಳಿದಿಲ್ಲ. ಹಳೆಯ ಅಸಲಿ ಪೆಡಲಿನ ಬೆಲೆ ಕೇಳಿದರೆ ನಮ್ಮ ಸೆಮಿಸ್ಟರ್ ಫೀಸು ನೆನಪಾಗುತ್ತೆ. ಆದರೆ ಒಳಗೆ ಬಿಚ್ಚಿ ನೋಡಿದರೆ ಇರುವುದು ಹನ್ನೊಂದೇ ಬಿಡಿಭಾಗ: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್. ಜತೆಗೆ ಒಂದು ಸ್ವಿಚ್ಚು, ಒಂದು 9 ವೋಲ್ಟ್ ಬ್ಯಾಟರಿ. ಮೂರನೇ ಸೆಮಿಸ್ಟರ್ ಅನಲಾಗ್ ಲ್ಯಾಬ್‌ನಲ್ಲಿ ಇದಕ್ಕಿಂತ ದೊಡ್ಡ ಸರ್ಕ್ಯೂಟ್ ಮಾಡಿ ವೈವಾ ಕೊಟ್ಟಿದ್ದೇವೆ, ಇದೇನು ಮಹಾ ಅಂದುಕೊಂಡೆವು. ಹನ್ನೊಂದೇ ಭಾಗ ಇದ್ದರೆ ಹನ್ನೊಂದಕ್ಕೂ ಹನ್ನೊಂದು ಮುಖ್ಯ ಎಂಬುದು ಆಗ ತಲೆಗೆ ಹೋಗಲಿಲ್ಲ. (ಸರಿಯಾಗಿ ಹೇಳಬೇಕೆಂದರೆ ಎರಡು ಬಹಳ ಮುಖ್ಯ, ಉಳಿದ ಒಂಬತ್ತು ಪರವಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇವೆ.)

ಸರ್ಕ್ಯೂಟ್ ಹೀಗಿದೆ. ಮೊದಲ ಟ್ರಾನ್ಸಿಸ್ಟರ್ ಕ್ಯೂ1, ಅದರ ಎಮಿಟರ್ ನೇರ ಗ್ರೌಂಡಿಗೆ. ಕಲೆಕ್ಟರಿನಿಂದ 33 ಕಿಲೋ ಓಂ ಮೂಲಕ ಸಪ್ಲೈಗೆ. ಅದೇ ಕಲೆಕ್ಟರ್, ನಡುವೆ ಕೆಪಾಸಿಟರ್ ಗಿಪಾಸಿಟರ್ ಏನೂ ಇಲ್ಲದೆ, ನೇರವಾಗಿ ಕ್ಯೂ2 ಬೇಸಿಗೆ. ಕ್ಯೂ2 ಎಮಿಟರಿನಲ್ಲಿ 1 ಕಿಲೋ ಓಂ ಪಾಟ್, ಅದೇ ಫಝ್ ನಾಬ್. ಕ್ಯೂ2 ಕಲೆಕ್ಟರಿನಲ್ಲಿ 8.2 ಕಿಲೋ, ಅದರ ಮೇಲೆ 470 ಓಂ, ಆಮೇಲೆ ಸಪ್ಲೈ. ಇವೆರಡರ ನಡುವಿನಿಂದ ಔಟ್‌ಪುಟ್. ಕೊನೆಯದಾಗಿ ಕ್ಯೂ2 ಎಮಿಟರಿನಿಂದ ಹಿಂದಕ್ಕೆ ಕ್ಯೂ1 ಬೇಸಿಗೆ ಒಂದು 100 ಕಿಲೋ ಓಂ ಫೀಡ್‌ಬ್ಯಾಕ್. ಅಷ್ಟೇ. ಕ್ಯೂ1 ಬೇಸಿಗೆ ಬೇರೆ ಬಯಾಸ್ ಇಲ್ಲ, ತನಗೆ ಬೇಕಾದ ಕರೆಂಟನ್ನು ಅದು ಕ್ಯೂ2ನಿಂದ ಸಾಲ ತರುತ್ತೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಎಲ್ಲಾ ಬೆಳಕಿಗೆ ಬರುತ್ತೆ. ಪಿಎನ್‌ಪಿ ಆದ್ದರಿಂದ ವೋಲ್ಟೇಜ್‌ಗಳೆಲ್ಲ ಋಣ. ಚಿಹ್ನೆ ಮರೆತು ಪ್ರಮಾಣ ಮಾತ್ರ ನೋಡೋಣ. ಕ್ಯೂ1 ಕಲೆಕ್ಟರ್ ಅರ್ಧ ವೋಲ್ಟಿಗಿಂತ ಸ್ವಲ್ಪ ಮೇಲಿರುತ್ತೆ. ಹಾಗಾಗಿ 33 ಕಿಲೋದಲ್ಲಿ ಹರಿಯುವ ಕರೆಂಟ್ ಸುಮಾರು 250 ಮೈಕ್ರೋ ಆಂಪ್. ಕ್ಯೂ1ನ ಗೇನ್ 70 ಅಂದುಕೊಂಡರೆ ಬೇಸಿಗೆ 3.6 ಮೈಕ್ರೋ ಆಂಪ್ ಬೇಕು. ಅದು 100 ಕಿಲೋ ಓಂ ಮೂಲಕ ಬರಬೇಕು, ಅಂದರೆ ಅಲ್ಲಿ 0.36 ವೋಲ್ಟ್ ಬೀಳುತ್ತೆ. ಅದಕ್ಕೆ ಜರ್ಮೇನಿಯಂ ಜಂಕ್ಷನ್ನಿನ 0.15 ವೋಲ್ಟ್ ಸೇರಿಸಿ, ಕ್ಯೂ2 ಎಮಿಟರ್ ಸುಮಾರು 0.51 ವೋಲ್ಟ್‌ನಲ್ಲಿ ಇರಬೇಕು. 1 ಕಿಲೋ ಪಾಟ್ ಇರುವುದರಿಂದ ಕ್ಯೂ2ನಲ್ಲಿ ಅರ್ಧ ಮಿಲಿ ಆಂಪ್. ಅದು ಕಲೆಕ್ಟರಿನ 8.67 ಕಿಲೋದಲ್ಲಿ ಹರಿದಾಗ 4.4 ವೋಲ್ಟ್ ಬಿದ್ದು, ಕಲೆಕ್ಟರ್ 4.6 ವೋಲ್ಟಿನಲ್ಲಿ ನಿಲ್ಲುತ್ತೆ. 9 ವೋಲ್ಟ್ ಬ್ಯಾಟರಿಯ ಹೆಚ್ಚುಕಡಿಮೆ ನಟ್ಟನಡುವೆ. ಮೇಲಕ್ಕೂ ಕೆಳಕ್ಕೂ ಜಾಗ ಇದೆ, ಸಿಗ್ನಲ್ ಎರಡೂ ಕಡೆ ಬಡಿದು ಚಪ್ಪಟೆಯಾಗುತ್ತೆ. ಅದೇ ಫಝ್. 1966ರ ವಿನ್ಯಾಸಕಾರರು 33, 8.2 ಅಂತ ಸುಮ್ಮನೆ ಬರೆದಿರಲಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಟ್ರಾನ್ಸಿಸ್ಟರ್‌ಗೆ ಬೇಸ್ ಕರೆಂಟ್ ಕೊಡದಿದ್ದರೆ ಕಲೆಕ್ಟರ್ ಕರೆಂಟ್ ಸೊನ್ನೆ ಅಂತ ನಾವು ಹಿಡಿದುಕೊಂಡಿದ್ದೇವೆ. ಸಿಲಿಕಾನ್ ಜಗತ್ತಿನಲ್ಲಿ ಹುಟ್ಟಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಸಿಲಿಕಾನಿನ ಬ್ಯಾಂಡ್ ಗ್ಯಾಪ್ 1.12 ಎಲೆಕ್ಟ್ರಾನ್ ವೋಲ್ಟ್, ಜರ್ಮೇನಿಯಮ್ಮಿನದು 0.67 ಮಾತ್ರ. ಗೋಡೆ ಕುಳ್ಳು, ಕೋಣೆಯ ಶಾಖಕ್ಕೇ ಎಲೆಕ್ಟ್ರಾನುಗಳು ಹಾರಿ ಆಚೆ ಹೋಗುತ್ತವೆ. ಅದರ ಮೇಲೆ ಈ ಸಣ್ಣ ಸೋರಿಕೆಯನ್ನು ಟ್ರಾನ್ಸಿಸ್ಟರ್ ತಾನೇ ಗೇನ್‌ನಿಂದ ಗುಣಿಸಿ ದೊಡ್ಡದು ಮಾಡುತ್ತೆ. ಬೇಸನ್ನು ಏನಕ್ಕೂ ಜೋಡಿಸದೆ ಬಿಟ್ಟರೂ 50, 100, 300 ಮೈಕ್ರೋ ಆಂಪ್ ಹರಿಯುವ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಸಾಮಾನ್ಯ. ಒಂದೇ ನಂಬರಿನ, ಒಂದೇ ಡಬ್ಬಿಯ ಎರಡು ಬಿಡಿಗಳ ನಡುವೆಯೂ ಅಜಗಜಾಂತರ.

ಈಗ ಲೆಕ್ಕ ಮತ್ತೆ ಹಾಕಿ. ಕ್ಯೂ1ಗೆ 100 ಮೈಕ್ರೋ ಆಂಪ್ ಸೋರಿಕೆ ಇದೆ ಅನ್ನಿ. ಬೇಕಾದ 250ರಲ್ಲಿ 100 ಪುಕ್ಕಟೆ ಬಂತು, ಬೇಸ್ ಕರೆಂಟಿನಿಂದ ಬರಬೇಕಾದ್ದು 150 ಮಾತ್ರ. ಬೇಸಿಗೆ 2.2 ಮೈಕ್ರೋ ಆಂಪ್ ಸಾಕು. ಕ್ಯೂ2 ಎಮಿಟರ್ 0.37 ವೋಲ್ಟಿಗೆ ಇಳಿಯಿತು, ಕಲೆಕ್ಟರ್ 5.8ಕ್ಕೆ ಏರಿತು. ಪರವಾಗಿಲ್ಲ, ಇನ್ನೂ ಹಾಡುತ್ತೆ. ಆದರೆ ಜರ್ಮೇನಿಯಮ್ಮಿನಲ್ಲಿ ಪ್ರತಿ 10 ಡಿಗ್ರಿಗೆ ಸೋರಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ. 10 ಡಿಗ್ರಿ ಏರಿಸಿ: ಸೋರಿಕೆ 200, ಬೇಸಿಗೆ ಬೇಕಾದ್ದು 0.8 ಮೈಕ್ರೋ ಆಂಪ್, ಕಲೆಕ್ಟರ್ 7 ವೋಲ್ಟ್. ಒಂದು ಕಡೆ ಉಸಿರಾಡಲು ಜಾಗವೇ ಇಲ್ಲ. ಇನ್ನೂ 10 ಡಿಗ್ರಿ ಏರಿದರೆ ಸೋರಿಕೆಯೇ 250 ದಾಟಿತು. ಬೇಸ್ ಕರೆಂಟೇ ಬೇಡ, ಕ್ಯೂ1 ತಾನಾಗಿಯೇ ಪೂರ್ತಿ ಆನ್, ಕ್ಯೂ2 ಹತ್ತಿರ ಹತ್ತಿರ ಬಂದ್. ಜೋರಾಗಿ ಮೀಟಿದ ಸಿಗ್ನಲ್ ಮಾತ್ರ ಕ್ಷಣ ಹೊತ್ತು ಅದನ್ನು ಎಬ್ಬಿಸುತ್ತೆ. ಪುಸ್, ಪುಸ್.

ಫೆಸ್ಟ್ ದಿನ ಕಪ್ಪು ಬಣ್ಣ ಬಳಿದ ನಮ್ಮ ಅಲ್ಯೂಮಿನಿಯಂ ಡಬ್ಬ ಮಧ್ಯಾಹ್ನ ಒಂದರಿಂದ ಬಿಸಿಲಲ್ಲಿ ಕೂತಿತ್ತು. ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ಯಾರೂ ಮುಟ್ಟಲಿಲ್ಲ.

ಹಾಗಾಗಿ ಮೊದಲ ಕೆಲಸ, ಟ್ರಾನ್ಸಿಸ್ಟರನ್ನು ಅಳೆಯುವುದು. ಮಲ್ಟಿಮೀಟರಿನ ಗೇನ್ ತೂತಿಗೆ ಹಾಕಿ ನಂಬರ್ ಓದಿದರೆ ಆಯ್ತಲ್ಲ ಅಂತ ನಾವೂ ಮಾಡಿದ್ದೆವು, ಅದೇ ತಪ್ಪು. ಮೀಟರ್ ಪಾಪ, ಸೋರಿಕೆಯನ್ನೂ ಗೇನ್ ಅಂತಲೇ ಎಣಿಸುತ್ತೆ. ಆರ್.ಜಿ. ಕೀನ್ ಎಂಬ ಅಮೆರಿಕದ ಎಂಜಿನಿಯರ್ ಪೆಡಲ್ ಕಟ್ಟುವವರಿಗಾಗಿ ಜನಪ್ರಿಯಗೊಳಿಸಿದ ಒಂದು ಸರಳ ಉಪಾಯ ಇದೆ, ಅದನ್ನು ಬ್ರೆಡ್‌ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಕಟ್ಟಬಹುದು. ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಧನ ತುದಿಗೆ, ಕಲೆಕ್ಟರನ್ನು 2.47 ಕಿಲೋ ಓಂ ಮೂಲಕ ಋಣ ತುದಿಗೆ ಜೋಡಿಸಿ (2.2 ಕಿಲೋ ಮತ್ತು 270 ಓಂ ಸಾಲಾಗಿ ಹಾಕಿದರೆ 2.47 ಆಗುತ್ತೆ). ಬೇಸ್ ಗಾಳಿಯಲ್ಲಿರಲಿ. ಈಗ ಆ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಓದಿ, ಅದು ಬರೀ ಸೋರಿಕೆ. ಆಮೇಲೆ ಬೇಸನ್ನು 2.2 ಮೆಗಾ ಓಂ ಮೂಲಕ ಋಣ ತುದಿಗೆ ಜೋಡಿಸಿ ಇನ್ನೊಮ್ಮೆ ಓದಿ. ಬೇಸಿಗೆ ಹೋಗುವುದು ಸುಮಾರು 4 ಮೈಕ್ರೋ ಆಂಪ್. ಗೇನ್ 100 ಇದ್ದರೆ 0.4 ಮಿಲಿ ಆಂಪ್, 2.47 ಕಿಲೋದಲ್ಲಿ ಸರಿಯಾಗಿ 1 ವೋಲ್ಟ್. ಅಂದರೆ ವೋಲ್ಟೇಜನ್ನು ನೂರರಿಂದ ಗುಣಿಸಿದರೆ ಗೇನ್. ಎರಡನೇ ಓದಿನಿಂದ ಮೊದಲನೇ ಓದು ಕಳೆದರೆ ನಿಜವಾದ ಗೇನ್. ರೆಸಿಸ್ಟರ್ ಬೆಲೆಯಲ್ಲೇ ಗುಣಾಕಾರ ಅಡಗಿಸಿಟ್ಟ ಈ ಜಾಣತನ ನಮಗೆ ಬಹಳ ಇಷ್ಟವಾಯ್ತು.

ಫೆಸ್ಟ್‌ನಲ್ಲಿ ಮಾನ ಕಳೆದ ನಮ್ಮ ಕ್ಯೂ1ನ್ನು ಹೀಗೆ ಅಳೆದಾಗ ಬೇಸ್ ಇಲ್ಲದೆ 0.22 ವೋಲ್ಟ್, ಬೇಸ್ ಜೋಡಿಸಿದಾಗ 0.97 ವೋಲ್ಟ್. ನಿಜವಾದ ಗೇನ್ 75, ಸೋರಿಕೆ 89 ಮೈಕ್ರೋ ಆಂಪ್. ಅದೂ ರಾತ್ರಿ, ಫ್ಯಾನ್ ಕೆಳಗೆ. ಗೇನ್ ಪುಸ್ತಕದಲ್ಲಿ ಹೇಳಿದಷ್ಟೇ ಇತ್ತು. ಸೋರಿಕೆ ಯಾರೂ ಕೇಳಿರಲಿಲ್ಲ.

ಅಳೆಯುವಾಗ ಒಂದು ಸಂಗತಿ ನೆನಪಿಡಿ. ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದು ಬೋರ್ಡಿಗೆ ಚುಚ್ಚಿದ ತಕ್ಷಣ ಓದಬೇಡಿ. ನಿಮ್ಮ ಬೆರಳಿನ ಬಿಸಿಗೇ ರೀಡಿಂಗ್ ಏರಿರುತ್ತೆ, ನಿಧಾನಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಎರಡು ನಿಮಿಷ ಬಿಟ್ಟು ಬರೆದುಕೊಳ್ಳಿ, ಜತೆಗೆ ಕೋಣೆಯ ಉಷ್ಣಾಂಶವನ್ನೂ ಬರೆಯಿರಿ. ಉಷ್ಣಾಂಶ ಬರೆಯದ ಸೋರಿಕೆಯ ಅಂಕಿ ಪ್ರಯೋಜನಕ್ಕಿಲ್ಲ. ಎರಡು ನಿಮಿಷ ಕಳೆದರೂ ರೀಡಿಂಗ್ ನಿಲ್ಲದೆ ತೇಲುತ್ತಲೇ ಇದ್ದರೆ ಆ ಬಿಡಿಯನ್ನು ಪಕ್ಕಕ್ಕಿಡಿ.

ಯಾವ ಟ್ರಾನ್ಸಿಸ್ಟರ್ ಹುಡುಕಬೇಕು? ಅಸಲಿ ಪೆಡಲಿನಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್ ಕಂಪನಿಯ ಎನ್‌ಕೆಟಿ275 ಅಥವಾ ಎಸಿ128 ಇರುತ್ತಿತ್ತು. ಎನ್‌ಕೆಟಿ275 ಎಂಬ ಹೆಸರಿಗೆ ಈಗ ಪೂಜೆ ನಡೆಯುತ್ತಿರುವುದರಿಂದ ಅದರ ಆಸೆ ಬಿಡಿ. ಎಸಿ128 ಸಾಕು. ಯುರೋಪಿನ ಪ್ರೊ ಎಲೆಕ್ಟ್ರಾನ್ ಪದ್ಧತಿಯಲ್ಲಿ ಮೊದಲ ಅಕ್ಷರ ಎ ಅಂದರೆ ಜರ್ಮೇನಿಯಂ, ಬಿ ಅಂದರೆ ಸಿಲಿಕಾನ್. ಎರಡನೆಯ ಅಕ್ಷರ ಸಿ ಅಂದರೆ ಕಡಿಮೆ ಪವರ್‌ನ ಆಡಿಯೋ ಕೆಲಸದ್ದು. ಲ್ಯಾಬಿನಲ್ಲಿ ನಾವು ದಿನಾ ಉಪಯೋಗಿಸುವ ಬಿಸಿ547ನ ಅಜ್ಜಂದಿರ ಸಾಲಿನಲ್ಲಿ ಎಸಿ128 ನಿಂತಿದೆ ಅಂತ ಇಟ್ಟುಕೊಳ್ಳಿ. ಎಎಫ್ ಎಂದು ಶುರುವಾಗುವ, ನಾಲ್ಕು ಕಾಲಿನ ಎಎಫ್117 ಥರದವು ಸಿಕ್ಕರೆ ಹುಷಾರು, ಅವುಗಳ ಡಬ್ಬಿಯೊಳಗೆ ತವರದ ಕೂದಲು ಬೆಳೆದು ಶಾರ್ಟ್ ಆಗುವ ಕಾಯಿಲೆ ಕುಖ್ಯಾತ.

ನಾವು ಮೊದಲ ಸಲ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹತ್ತು ಎಸಿ128 ಕೊಂಡು ತಂದಿದ್ದೆವು. ಅಂಗಡಿಯವರು ಒಳಗಿನಿಂದ ಧೂಳು ಹಿಡಿದ ಡಬ್ಬಿ ತಂದಾಗಲೇ ನಮಗೆ ಖುಷಿ, ಧೂಳಿದ್ದರೆ ಹಳೆಯದು, ಹಳೆಯದಾದರೆ ಅಸಲಿ! ರೂಮಿಗೆ ಬಂದು ಮೇಲಿನ ಪರೀಕ್ಷೆ ಆಗಲೇ ಮಾಡಿದ್ದರೆ ಬುದ್ಧಿ ಬರುತ್ತಿತ್ತು. ಫೆಸ್ಟ್ ಮುಗಿದ ಮೇಲೆ ಮಾಡಿದೆವು. ನಾಲ್ಕಕ್ಕೆ ಸೋರಿಕೆಯೇ ಇಲ್ಲ, ಅಚ್ಚುಕಟ್ಟು ಸೊನ್ನೆ. ಸಂತೋಷಪಡುವ ಮೊದಲು ಡಯೋಡ್ ಮೋಡಿನಲ್ಲಿ ಬೇಸ್ ಎಮಿಟರ್ ಅಳೆದರೆ 0.65 ವೋಲ್ಟ್. ಜರ್ಮೇನಿಯಂ ಆಗಿದ್ದರೆ 0.3ರ ಒಳಗೇ ಇರಬೇಕಿತ್ತು. ಯಾರೋ ಸಿಲಿಕಾನ್ ಟ್ರಾನ್ಸಿಸ್ಟರಿನ ಮೇಲೆ ಎಸಿ128 ಅಂತ ಅಚ್ಚು ಹೊಡೆದಿದ್ದಾರೆ. ಮೂರು ಭಯಂಕರ ಸೋರುತ್ತಿದ್ದವು. ಒಂದು ಸತ್ತಿತ್ತು. ಉಳಿದ ಎರಡೇ ನಮ್ಮ ಪೆಡಲಿನಲ್ಲಿ ಕೂತಿದ್ದವು, ಬರೀ ಅದೃಷ್ಟದಿಂದ. ಹತ್ತು ಕೊಂಡರೆ ಎರಡು ಸಿಗಬಹುದು ಅನ್ನುವ ಲೆಕ್ಕದಲ್ಲೇ ಬಜೆಟ್ ಹಾಕಿ, ಮತ್ತು ಸಾಧ್ಯವಾದರೆ ಮೀಟರ್ ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಡಯೋಡ್ ಮೋಡ್ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು.

ಇನ್ನೊಂದು ಮೂಲ ಇದೆ, ಅದು ನಮ್ಮ ಮನೆಗಳ ಅಟ್ಟ. ಜಾಲಹಳ್ಳಿಯ ಬಿ.ಇ.ಎಲ್. 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆ ಶುರುಮಾಡಿತ್ತು. ಫಝ್ ಫೇಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ! ಆ ಕಾಲದ ಟ್ರಾನ್ಸಿಸ್ಟರ್ ರೇಡಿಯೋಗಳ ಸ್ಪೀಕರ್ ಹಂತದಲ್ಲಿ ಎಸಿ128 ಅಥವಾ ಎಸಿ187, ಎಸಿ188 ಜೋಡಿ ಕೂತಿರುತ್ತಿತ್ತು. ನಮ್ಮ ನಾಲ್ವರಲ್ಲಿ ಒಬ್ಬನ ಊರು ಶಿರಸಿ ಕಡೆ. ಅವನ ಮನೆಯ ಅಟ್ಟದಲ್ಲಿ ಅಜ್ಜನ ರೇಡಿಯೋ ಇತ್ತು, ಧಾರವಾಡ ಆಕಾಶವಾಣಿ ಬಿಟ್ಟು ಬೇರೇನೂ ಕೇಳದ ರೇಡಿಯೋ. ಇಪ್ಪತ್ತು ವರ್ಷದಿಂದ ಮೂಕ. ಬಿಚ್ಚಿದರೆ ಒಳಗೆ ಬಿ.ಇ.ಎಲ್. ಎಂದು ಬರೆದ ಎರಡು ಎಸಿ128.

ಇಲ್ಲಿ ನಾವು ನಾಲ್ವರೂ ಒಂದು ದಿನ ಜಗಳ ಆಡಿದ್ದೇವೆ. ಕೆಟ್ಟ ರೇಡಿಯೋ ತಾನೇ, ಕಿತ್ತರೆ ಏನಂತೆ ಎಂದು ಇಬ್ಬರು. ರಿಪೇರಿ ಮಾಡಿದರೆ ಓಡಬಹುದು, ಗಿಟಾರ್ ಗಲಾಟೆಗಾಗಿ ಅಜ್ಜನ ರೇಡಿಯೋ ಹೊಟ್ಟೆ ಬಗೆಯುವುದೇ ಎಂದು ಇಬ್ಬರು. ಕೊನೆಗೆ ಅಜ್ಜನನ್ನೇ ಕೇಳಿದೆವು. "ಅದ್ರ ಗ್ಯಾಂಗ್ ಕಂಡೆನ್ಸರ್ ಮುರ್ದು ಎಷ್ಟೋ ವರ್ಷ ಆತು, ತಗಳಿ, ಆದ್ರೆ ಪೆಟ್ಟಿಗೆ ಒಡೀಬೇಡಿ" ಅಂದರು. ಪೆಟ್ಟಿಗೆ ಹಾಗೇ ಇದೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಮೊದಲು ಆನ್ ಮಾಡಿ ನೋಡಿ, ಆಮೇಲೆ ಕೇಳಿ, ಆಮೇಲೆ ಬೆಸುಗೆ ಬಿಚ್ಚಿ. ಓಡುವ ರೇಡಿಯೋವನ್ನು ಪೆಡಲಿಗಾಗಿ ಕೊಲ್ಲುವುದು ನಮ್ಮ ಮಟ್ಟಿಗೆ ಒಪ್ಪಿಗೆ ಇಲ್ಲ.

ರೇಡಿಯೋದಿಂದ ಕಿತ್ತ ಜೋಡಿಯಲ್ಲಿ ಒಂದು ತಮಾಷೆ. ಪುಷ್ ಪುಲ್ ಹಂತಕ್ಕೆ ಎರಡೂ ಸಮನಾಗಿರಬೇಕು, ಹಾಗಾಗಿ ಕಾರ್ಖಾನೆಯಲ್ಲೇ ಹೊಂದಿಸಿದ ಜೋಡಿ ಹಾಕಿರುತ್ತಾರೆ. ಫಝ್ ಫೇಸ್‌ಗೆ ಬೇಕಾದ್ದು ಹೊಂದದ ಜೋಡಿ! ಕ್ಯೂ1ಗೆ ಗೇನ್ 70ರಿಂದ 80, ಕ್ಯೂ2ಗೆ 110ರಿಂದ 130 ಇದ್ದರೆ ಚೆನ್ನ ಎಂಬುದು ಬಹಳ ಜನ ಒಪ್ಪಿದ ಮಾತು, ನಮ್ಮ ಕಿವಿಗೂ ಹಾಗೇ ಅನ್ನಿಸಿತು. ಸೋರಿಕೆಯ ವಿಷಯದಲ್ಲಿ ಮಾತ್ರ ನಮ್ಮದು ಸ್ವಲ್ಪ ಕಟ್ಟುನಿಟ್ಟು. ವಿದೇಶದವರು 200 ಮೈಕ್ರೋ ಆಂಪ್‌ವರೆಗೆ ನಡೆಯುತ್ತೆ ಅಂತಾರೆ, ಅವರ ಊರಲ್ಲಿ ನಡೆಯುತ್ತೆ. ಬಳ್ಳಾರಿ, ಕಲಬುರಗಿ, ರಾಯಚೂರು ಕಡೆ ಏಪ್ರಿಲಿನಲ್ಲಿ ನುಡಿಸುವ ಪೆಡಲ್ ಆದರೆ ಕ್ಯೂ1 ಸೋರಿಕೆ 50ರ ಕೆಳಗೇ ಇರಲಿ. ಕ್ಯೂ2 ಸ್ವಲ್ಪ ಜಾಸ್ತಿ ಸೋರಿದರೂ ತಡೆಯುತ್ತೆ, ಯಾಕೆಂದರೆ ಅದರ ಎಮಿಟರಿನಲ್ಲಿ 1 ಕಿಲೋ ಇದೆ, ಹಿಂದಕ್ಕೆ ಫೀಡ್‌ಬ್ಯಾಕೂ ಇದೆ. ಕ್ಯೂ1 ಎಮಿಟರ್ ನೇರ ನೆಲಕ್ಕೆ, ಅದಕ್ಕೆ ಯಾರ ಆಸರೆಯೂ ಇಲ್ಲ. ಹಾಗಾಗಿ ಎರಡು ಟ್ರಾನ್ಸಿಸ್ಟರಿನಲ್ಲಿ ಕಡಿಮೆ ಸೋರುವುದನ್ನು ಕ್ಯೂ1ಗೆ ಹಾಕಿ, ಗೇನ್ ಸ್ವಲ್ಪ ಆಚೀಚೆ ಆದರೂ ಸರಿ.

ಎಂಥದ್ದೇ ಟ್ರಾನ್ಸಿಸ್ಟರ್ ಸಿಕ್ಕರೂ 8.2 ಕಿಲೋ ಜಾಗದಲ್ಲಿ 20 ಕಿಲೋ ಟ್ರಿಮ್‌ಪಾಟ್ ಹಾಕಿ ಕ್ಯೂ2 ಕಲೆಕ್ಟರನ್ನು 4.5 ವೋಲ್ಟಿಗೆ ಹೊಂದಿಸಿ. ಅಲ್ಲಿಂದ ಕಿವಿಗೆ ಹಿತವಾಗುವವರೆಗೆ ಅರ್ಧ ವೋಲ್ಟ್ ಆಚೀಚೆ ತಿರುಗಿಸಬಹುದು. ನಾವು ಜನವರಿಯಲ್ಲೂ ಟ್ರಿಮ್‌ಪಾಟ್ ಹಾಕಿದ್ದೆವು, ಆದರೆ ಡಬ್ಬದೊಳಗೆ, ನಾಲ್ಕು ಸ್ಕ್ರೂ ಹಿಂದೆ. ವೇದಿಕೆಯ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಈಗ ಡಬ್ಬದ ಪಕ್ಕದಲ್ಲಿ ಒಂದು ಸಣ್ಣ ತೂತಿದೆ, ಸ್ಕ್ರೂಡ್ರೈವರ್ ತೂರಿಸುವಷ್ಟು.

ಬೆಸುಗೆಯ ಬಗ್ಗೆ: ಸಿಲಿಕಾನ್ 150 ಡಿಗ್ರಿ ತಡೆಯುತ್ತೆ, ಜರ್ಮೇನಿಯಂ 100 ಮುಟ್ಟುವ ಮೊದಲೇ ಕೈಕೊಡುತ್ತೆ. ಸಾಕೆಟ್ ಹಾಕಿ, ಟ್ರಾನ್ಸಿಸ್ಟರನ್ನು ಕೊನೆಗೆ ಚುಚ್ಚಿ. ರೇಡಿಯೋದಿಂದ ಬಿಚ್ಚುವಾಗ ಕಾಲಿಗೆ ಮೊಸಳೆ ಕ್ಲಿಪ್ ಹಚ್ಚಿಕೊಳ್ಳಿ, ಬಿಸಿ ಅದಕ್ಕೆ ಹೋಗಲಿ.

ಉಳಿದ ಒಂಬತ್ತು ಭಾಗಗಳಿಗೆ ಜನ ಕೊಡುವ ಗೌರವ ನಮಗೆ ಅರ್ಥವಾಗಿಲ್ಲ. ಹಳೇ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ಹಾಕಿದರೇ ಆ ಸದ್ದು ಬರುತ್ತೆ ಎಂಬ ನಂಬಿಕೆ ಇದೆ. ಅದರಿಂದ ಖಂಡಿತ ಬರುವುದು ಹಿಸ್ ಶಬ್ದ. ಮೆಟಲ್ ಫಿಲ್ಮ್ ಹಾಕಿ, ಕಾರ್ಬನ್ ಫಿಲ್ಮ್ ಇದ್ದರೆ ಅದನ್ನೇ ಹಾಕಿ. ಇನ್‌ಪುಟ್ಟಿನ 2.2 ಮೈಕ್ರೋ ಫ್ಯಾರಡ್, ಕ್ಯೂ1ನ ಕೆಲವು ಕಿಲೋ ಓಂ ಇನ್‌ಪುಟ್ ಇಂಪೀಡೆನ್ಸಿನ ಜತೆ ಸೇರಿ 10 ಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸುತ್ತೆ. ಗಿಟಾರಿನ ದಪ್ಪ ತಂತಿಯೇ 82 ಹರ್ಟ್ಸ್. ಹಾಗಾಗಿ ಅದು 1.8 ಆದರೂ 2.7 ಆದರೂ ಕಿವಿಗೆ ಗೊತ್ತಾಗಲ್ಲ. ಮೂಲದ 20 ಮೈಕ್ರೋ ಫ್ಯಾರಡ್ ಈಗ ಸುಲಭಕ್ಕೆ ಸಿಗಲ್ಲ, 22 ಹಾಕಿ, ಎಲೆಕ್ಟ್ರೋಲಿಟಿಕ್‌ಗಳ ಟಾಲರೆನ್ಸ್ ಅದಕ್ಕಿಂತ ದೊಡ್ಡದು. ಔಟ್‌ಪುಟ್ಟಿನ 0.01 ಯಾವ ಫಿಲ್ಮ್ ಆದರೂ ಸರಿ. ಗಮನ ಕೊಡಬೇಕಾದ್ದು ಧ್ರುವಕ್ಕೆ. ಪಿಎನ್‌ಪಿ ಪೆಡಲಿನಲ್ಲಿ ಗ್ರೌಂಡೇ ಧನ. ಆದ್ದರಿಂದ 2.2ರ ಧನ ಕಾಲು ಗಿಟಾರ್ ಕಡೆ, 22ರ ಧನ ಕಾಲು ಗ್ರೌಂಡ್ ಕಡೆ. ಅಭ್ಯಾಸಬಲದಿಂದ ನಮ್ಮ ಕೈ ಉಲ್ಟಾ ಹೋಗಿತ್ತು.

ಪಾಟ್‌ಗಳಲ್ಲಿ ವಾಲ್ಯೂಮ್ 500 ಕಿಲೋ ಲಾಗ್, ಫಝ್ 1 ಕಿಲೋ ಲೀನಿಯರ್. ಲೀನಿಯರ್ ಹಾಕಿದರೆ ಆಟವೆಲ್ಲ ಕೊನೆಯ ಕಾಲು ಸುತ್ತಿನಲ್ಲೇ ನಡೆಯುತ್ತೆ, ರಿವರ್ಸ್ ಲಾಗ್ ಸಿಕ್ಕರೆ ಚೆನ್ನ. ನಮಗೆ ಸಿಗಲಿಲ್ಲ, ಸಿಗದಿದ್ದರೂ ನಷ್ಟವಿಲ್ಲ. ಈ ಪೆಡಲನ್ನು ನುಡಿಸುವವರು ಫಝ್ ನಾಬನ್ನು ಪೂರ್ತಿ ತಿರುಗಿಸಿಟ್ಟು ಗಿಟಾರಿನ ವಾಲ್ಯೂಮಿನಲ್ಲೇ ಆಟ ಆಡುತ್ತಾರೆ. ಇನ್‌ಪುಟ್ ಇಂಪೀಡೆನ್ಸ್ ಅಷ್ಟು ಕಡಿಮೆ ಇರುವುದರಿಂದ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೂ ಫಝ್ ಕರಗಿ ಗಾಜಿನಂತೆ ತಿಳಿಯಾದ ಸದ್ದು ಬರುತ್ತೆ. ನಾವು ಇಷ್ಟೆಲ್ಲ ಒದ್ದಾಡಿದ್ದು ಅದಕ್ಕೇ. ಇದೇ ಕಾರಣಕ್ಕೆ ಇದರ ಮುಂದೆ ಬಫರ್ ಇರುವ ಪೆಡಲ್ ಇಡಬೇಡಿ. ಗಿಟಾರಿನ ಪಿಕಪ್ಪೂ ಈ ಸರ್ಕ್ಯೂಟಿನ ಒಂದು ಭಾಗ, ನಡುವೆ ಬಫರ್ ಬಂದರೆ ಮಾತುಕತೆ ನಿಂತುಹೋಗುತ್ತೆ.

ಪವರ್ ಬಗ್ಗೆ ಒಂದು ಎಚ್ಚರಿಕೆ, ಇದನ್ನೂ ನಾವು ಪೆಟ್ಟು ತಿಂದೇ ಕಲಿತದ್ದು. ಒಂದೇ ಅಡಾಪ್ಟರಿನಿಂದ ನಾಲ್ಕೈದು ಪೆಡಲಿಗೆ ಕೊಡುವ ಸರಪಳಿ ವೈರ್ ಇದೆಯಲ್ಲ, ಅದಕ್ಕೆ ಇದನ್ನು ಸೇರಿಸಿದರೆ ಬೇರೆ ಪೆಡಲುಗಳ ಗ್ರೌಂಡ್ ಋಣ, ಇದರದ್ದು ಧನ, ಎರಡೂ ಪ್ಯಾಚ್ ಕೇಬಲಿನ ಹೊದಿಕೆಯಲ್ಲಿ ಕೈಕುಲುಕುತ್ತವೆ. ಅಂದರೆ ಅಡಾಪ್ಟರ್ ಶಾರ್ಟ್. ಬ್ಯಾಟರಿಯೇ ಸುಲಭ. ಪೆಡಲ್ ಎಳೆಯುವುದು 1 ಮಿಲಿ ಆಂಪಿಗಿಂತ ಕಡಿಮೆ, ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ, ಇನ್‌ಪುಟ್ ಜ್ಯಾಕಿನಿಂದ ವೈರ್ ಕಿತ್ತಿಡುವ ಅಭ್ಯಾಸ ಇದ್ದರೆ. ಅಡಾಪ್ಟರೇ ಬೇಕೆಂದರೆ ಐಸಿಎಲ್7660ಎಸ್ ಥರದ ಚಾರ್ಜ್ ಪಂಪ್ ಐಸಿ ಹಾಕಿ ಋಣ 9 ವೋಲ್ಟ್ ಮಾಡಿಕೊಳ್ಳಬಹುದು. ಎಸಿ127, ರಷ್ಯಾದ ಎಂಪಿ38ಎ ಮುಂತಾದ ಎನ್‌ಪಿಎನ್ ಜರ್ಮೇನಿಯಂ ಹಾಕಿದರೂ ಈ ತಾಪತ್ರಯ ತಪ್ಪುತ್ತೆ.

ಇಷ್ಟೆಲ್ಲ ಯಾಕೆ, ಸಿಲಿಕಾನ್ ಹಾಕಿದರಾಗದೇ ಅಂತ ಕೇಳುವವರಿಗೆ: ಆಗುತ್ತೆ. ಆರ್ಬಿಟರ್‌ನವರೂ ಕೊನೆಗೆ ಅದನ್ನೇ ಮಾಡಿದರು, ಬಿಸಿ108 ಹಾಕಿ 470 ಓಂ ಬದಲು 330 ಮಾಡಿದರು. ಬಿಸಿಲಿಗೆ ಜಗ್ಗಲ್ಲ. ಆದರೆ ಗೇನ್ ಮೂರ್ನಾಲ್ಕು ಪಟ್ಟು ಜಾಸ್ತಿ, ಸದ್ದು ಚೂಪು, ಕೆಲವೊಮ್ಮೆ ಊರ ರೇಡಿಯೋ ಸ್ಟೇಷನ್ನನ್ನೂ ಹಿಡಿದುಕೊಡುತ್ತೆ. ಗಿಟಾರ್ ವಾಲ್ಯೂಮ್ ಇಳಿಸಿದಾಗ ಸಿಗುವ ಆ ತಿಳಿತನ ಅಷ್ಟು ಚೆನ್ನಾಗಿರಲ್ಲ, ಕನಿಷ್ಠ ನಮಗೆ ಹಾಗನ್ನಿಸಿತು. ನಡುವಿನ ದಾರಿ ಒಂದಿದೆ: ತೊಂದರೆ ಕೊಡುವ ಕ್ಯೂ1 ಜಾಗಕ್ಕೆ ಮಾತ್ರ ಬಿಸಿ557ರಂಥ ಸಿಲಿಕಾನ್ ಪಿಎನ್‌ಪಿ, ಕ್ಯೂ2ಗೆ ಜರ್ಮೇನಿಯಂ. ಟ್ರಿಮ್‌ಪಾಟನ್ನು 6 ಕಿಲೋ ಹತ್ತಿರಕ್ಕೆ ಇಳಿಸಬೇಕಾಗುತ್ತೆ. ಬೇಸಿಗೆಯ ಶೋಗಳಿಗೆ ನಾವು ಇದನ್ನೇ ಧೈರ್ಯವಾಗಿ ಹೇಳುತ್ತೇವೆ.

ನಮ್ಮ ಪೆಡಲಿನಲ್ಲಿ ಈಗ ಕ್ಯೂ1 ಆಗಿ ಕೂತಿರುವುದು ಅಜ್ಜನ ರೇಡಿಯೋದ ಒಂದು ಎಸಿ128. ಗೇನ್ 82, ಸೋರಿಕೆ 28 ಡಿಗ್ರಿಯಲ್ಲಿ 36 ಮೈಕ್ರೋ ಆಂಪ್. ಕ್ಯೂ2 ಎಸ್.ಪಿ. ರೋಡಿನದ್ದೇ, ಗೇನ್ 118. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ನೋಡಿದೆವು, ಕಲೆಕ್ಟರ್ 4.5ರಿಂದ 5.6ಕ್ಕೆ ಹೋಯ್ತು, ಸದ್ದು ಸ್ವಲ್ಪ ಒರಟಾಯ್ತು, ಸಾಯಲಿಲ್ಲ. ಡಬ್ಬಕ್ಕೆ ಕಪ್ಪು ಬಣ್ಣ ಕೆರೆದು ಬಿಳಿ ಬಳಿದಿದ್ದೇವೆ. ದಸರಾ ರಜೆಯಲ್ಲಿ ಶಿರಸಿಗೆ ಒಯ್ದು ಅಜ್ಜನ ಮುಂದೆ ನುಡಿಸಿದಾಗ ಅವರು ಸ್ವಲ್ಪ ಹೊತ್ತು ಕೇಳಿ, "ರೇಡಿಯೋ ಕೆಟ್ಟಾಗ ಹಿಂಗೇ ಕೂಗ್ತಿತ್ತು" ಅಂದರು.

ರೇಡಿಯೋದ ಇನ್ನೊಂದು ಟ್ರಾನ್ಸಿಸ್ಟರ್, ಅಳತೆ ಬರೆದ ಚೀಟಿ ಸಮೇತ, ನಮ್ಮ ಹತ್ತಿರ ಪುಟ್ಟ ಡಬ್ಬಿಯಲ್ಲಿದೆ. ಅದನ್ನು ಕೊಡುವುದಿಲ್ಲ. ಆದರೆ ಅಳೆಯುವ ಬ್ರೆಡ್‌ಬೋರ್ಡ್ ಬಿಚ್ಚದೆ ಹಾಗೇ ಇಟ್ಟಿದ್ದೇವೆ. ಯಾರ ಬಳಿಯಾದರೂ ಹಳೇ ಟ್ರಾನ್ಸಿಸ್ಟರ್ ಇದ್ದರೆ ಸಂಜೆ ಐದರ ನಂತರ ಇ.ಸಿ. ಪ್ರಾಜೆಕ್ಟ್ ಲ್ಯಾಬಿಗೆ ತನ್ನಿ, ಥರ್ಮಾಮೀಟರ್ ನಮ್ಮಲ್ಲೇ ಇದೆ.